ಎಳ್ಳು ಬೇಡ ಎಂದ ಕೂಸು

ಹಾನಗಲ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ ಇದೆ. ಅತ್ತೆಯವರ ಕಾಲದಿಂದ ನಡೆದು ಬಂದದ್ದು. ನಾನು ಬಿ.ಎ. ಮಾಡಿದ್ದೇನೆ. ರೊಟ್ಟಿ ಬಡಿಯಲು ಬಿ.ಎ. ಬೇಕಿಲ್ಲ, ಅಡ್ಡಿಯೂ ಇಲ್ಲ. ಗಲ್ಲಾದಲ್ಲಿ ಯಜಮಾನರು ಕೂರುತ್ತಾರೆ. ಅವರದು ಮಾತು ಕಡಿಮೆ, ಆ ಕೊರತೆಯನ್ನು ನಾನು ತುಂಬಿಕೊಡುತ್ತೇನೆ. ಊಟಕ್ಕೆ ಬಂದವರು ತಾಟಿನಲ್ಲಿ ಏನು ಬಿಟ್ಟು ಎದ್ದರೆಂದು ನೋಡಿದರೆ ಸಾಕು, ಅವರ ಮನೆಯಲ್ಲಿ ಏನು ನಡೆದಿದೆ ಎಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು. ನನ್ನ ತಂಗಿಯ ಕೂಸು ನನ್ನ ಅಡುಗೆಮನೆಯಲ್ಲೇ ಒಂದು ವರ್ಷ ಕುಳಿತು ಆ ಜಂಬವನ್ನು ಇಳಿಸಿತು.

ತಂಗಿಯನ್ನು ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಗೆ ಕೊಟ್ಟಿದ್ದೇವೆ. ಗಂಡ ಹೆಂಡತಿ ಹೊಲ ಮಾಡಿಕೊಂಡಿದ್ದಾರೆ. ಏಳನೆಯ ತರಗತಿ ಮುಗಿದ ಮೇಲೆ ಇದ್ದ ಒಂದೇ ಕೂಸನ್ನು ಹೈಸ್ಕೂಲಿಗೆಂದು ನಮ್ಮ ಮನೆಗೆ ತಂದು ಬಿಟ್ಟರು. ಶಿಗ್ಗಾಂವಿ ಅವರಿಗೆ ಹತ್ತಿರ, ಆದರೆ ಅಲ್ಲಿ ಖಾನಾವಳಿ ಇಟ್ಟ ದೊಡ್ಡವ್ವ ಇರಲಿಲ್ಲ. ನಮಗೆ ಮಕ್ಕಳಿಲ್ಲ. ಕೂಸು ಬಂದ ದಿನ ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದು ಅದರ ಟ್ರಂಕನ್ನು ತಾವೇ ಒಳಗೆ ಒಯ್ದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ.

ಈ ಬರಹದಲ್ಲಿ ಅವನನ್ನು ಮೊದಲಿನಿಂದಲೂ ಅವನು ಎಂದೇ ಬರೆಯುತ್ತೇನೆ. ಆಗ ನಾವ್ಯಾರೂ ಹಾಗೆ ಅನ್ನುತ್ತಿರಲಿಲ್ಲ. ಹೆಣ್ಣೆಂದೇ ತೊಟ್ಟಿಲಿಗೆ ಹಾಕಿ, ಹೆಣ್ಣಿನ ಹೆಸರನ್ನೇ ಕಿವಿಯಲ್ಲಿ ಹೇಳಿದ್ದೆವು. ಶಾಲೆಗೆ ಹೋಗುವ ಮೊದಲೇ ಅವನು "ನಾ ಹುಡುಗ ಅದೇನಿ" ಎಂದು ಹೇಳತೊಡಗಿದ. ಎಲ್ಲರೂ ನಕ್ಕರು. ಅವನ ಅಪ್ಪ ಟ್ರ್ಯಾಕ್ಟರಿನ ಮೇಲೆ ಕೂರಿಸಿಕೊಂಡು ಹೊಲಕ್ಕೆ ಒಯ್ದರು. ಕೂದಲು ಕತ್ತರಿಸಬೇಕೆಂದು ಅತ್ತಾಗ ಕತ್ತರಿಸಿದರು. ನಮ್ಮ ಕಡೆ ಹೆಣ್ಣುಕೂಸು ಚಡ್ಡಿ ಹಾಕಿಕೊಂಡು ಮರ ಹತ್ತಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಗಂಡುಬೀರಿ ಎಂದು ಕರೆದು ಸುಮ್ಮನಾಗುತ್ತಾರೆ. "ದೊಡ್ಡಾಕಿ ಆಗೂತನ ಇರ್ಲಿ ಬಿಡು" ಎಂದು ತಂಗಿ ಎಲ್ಲರ ಮುಂದೆ ಹೇಳುತ್ತಿದ್ದಳು. ನಾವದನ್ನು ಸಲಿಗೆಯ ಮಾತು ಎಂದುಕೊಂಡಿದ್ದೆವು. ಅವನು ಅದನ್ನು ಗಡುವು ಎಂದು ಕೇಳಿಸಿಕೊಂಡಿದ್ದ.

ಹುಡುಗಿ ಮೈನೆರೆದರೆ ನಮ್ಮಲ್ಲಿ ಅದು ಅವಳೊಬ್ಬಳ ಸುದ್ದಿಯಾಗಿ ಉಳಿಯುವುದಿಲ್ಲ. ತಾಯಿ ಹೋಗಿ ನಾಲ್ಕು ಮನೆಗೆ ಹೇಳುತ್ತಾಳೆ. ಸೋದರಮಾವ ಸೀರೆ ತರುತ್ತಾನೆ. ಅದನ್ನು ಉಡಿಸಿ, ತಲೆ ತುಂಬ ಹೂ ಮುಡಿಸಿ, ಹುಡುಗಿಯನ್ನು ಕುರ್ಚಿಯ ಮೇಲೆ ಕೂರಿಸಿ ಆರತಿ ಮಾಡುತ್ತಾರೆ. ಬಂದ ಹೆಂಗಸರು ಕೊಬ್ಬರಿ, ಉತ್ತತ್ತಿ, ಅಂಟಿನ ಉಂಡಿ ತಂದು ಉಡಿ ತುಂಬುತ್ತಾರೆ. ಈಚೆಗೆ ಫೋಟೋದವನೂ ಬರುತ್ತಾನೆ, ಸಂಜೆಯೊಳಗೆ ಎಲ್ಲರ ಮೊಬೈಲಿನ ಸ್ಟೇಟಸ್ಸಿನಲ್ಲಿ ಹುಡುಗಿ ಕುಳಿತಿರುತ್ತಾಳೆ. ನನಗೂ ಕೂರಿಸಿದ್ದರು. ಫೋಟೋದಲ್ಲಿ ನಾನು ಯಾರನ್ನೋ ಹೊಡೆಯಲು ಕಾಯುತ್ತಿರುವವಳಂತೆ ಕಾಣುತ್ತೇನೆ.

ನಮ್ಮ ತವರು ಅಕ್ಕಿಆಲೂರು. ಅಲ್ಲಿ ತಮ್ಮನ ಮನೆಯಲ್ಲಿರುವ ಅವ್ವ, ಕೂಸಿನ ಆಯಿ, ಸಂತೆ ಮುಗಿದ ಮರುದಿನ ಬಸ್ಸು ಹತ್ತಿ ನಮ್ಮಲ್ಲಿಗೆ ಬರುತ್ತಾಳೆ. ಅಡುಗೆಮನೆಯಲ್ಲಿ ಕುಳಿತು ರೊಟ್ಟಿ ಬಡಿಯುವ ಹೆಂಗಸರಿಗೆಲ್ಲ ಆರೋಗ್ಯದ ಪಾಠ ಹೇಳುವುದು ಅವಳ ರೂಢಿ. ಕೂಸು ಬಂದ ವರ್ಷವೇ ಒಂದು ದಿನ ಅವಳ ಮಾತು ಈ ವಿಷಯಕ್ಕೆ ಬಂತು. "ಎಳ್ಳು, ಬೆಲ್ಲಾ, ಪಪ್ಪಾಯಿ ಎಲ್ಲಾ ಉಷ್ಣ. ಹೆಣ್ಣುಹುಡುಗೂರಿಗೆ ಭಾಳ ಕೊಡಬ್ಯಾಡ್ರಿ, ಲಗೂ ದೊಡ್ಡಾಕಿ ಆಗ್ತಾವ. ಈಗಿನವು ಹಾಲು ತುಪ್ಪಾ ತಿಂದು ತಿಂದು ಸಣ್ಣವಿದ್ದಾಗ ಆಗಾಕತ್ಯಾವ. ನಾವು ಒಣಕಟಗಿ ಇದ್ದಂಗ ಇದ್ವಿ, ಎಷ್ಟ ತಡಾ ಆತು." ಕೂಸು ಮೂಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿತ್ತು. ಅವ್ವನ ಪಾಠಗಳನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವಳಿಗೆ ಅಷ್ಟು ಶ್ರದ್ಧೆಯ ವಿದ್ಯಾರ್ಥಿ ಅಂದೇ ಮೊದಲು ಸಿಕ್ಕದ್ದು.

ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಹೋದರೆ "ಎಳ್ಳು ಬ್ಯಾಡ ದೊಡ್ಡವ್ವ" ಎಂದ. ಸಜ್ಜೆ ರೊಟ್ಟಿಯ ಮೇಲೆ ಹಚ್ಚಿದ ಎಳ್ಳನ್ನು ಉಗುರಿನಿಂದ ಒಂದೊಂದೇ ಕೆದರಿ ತಾಟಿನ ಅಂಚಿಗೆ ಸಾಲಾಗಿ ಇಟ್ಟ. ಹಬ್ಬದ ದಿನ ಬೈಯಬಾರದೆಂದು ಸುಮ್ಮನಿದ್ದೆ. ಆಮೇಲೆ ಬೆಲ್ಲ ಹೋಯಿತು. ಹಾಲು ಹೋಯಿತು, ತುಪ್ಪ ಹೋಯಿತು. ರೊಟ್ಟಿ ಕಡಿಮೆಯಾಗುತ್ತ ಬಂದು ಕೊನೆಗೆ ಮಜ್ಜಿಗೆ, ಸೌತೆಕಾಯಿ, ಒಂದು ಹಿಡಿ ಅನ್ನಕ್ಕೆ ನಿಂತಿತು. ನನ್ನ ಕೈ ಅಡುಗೆ ಉಣ್ಣಲು ಹಾವೇರಿಯಿಂದ ಕೆಲಸದ ಮೇಲೆ ಬಂದ ಸಾಹೇಬರೂ ನಮ್ಮ ಬಾಗಿಲಲ್ಲಿ ಪಾಳಿ ಹಚ್ಚುತ್ತಾರೆ. ಮನೆಯ ಕೂಸು ಮೂಗು ಮುರಿದರೆ ಹೇಗಾಗಬೇಡ? ಮುಳಗಾಯಿ ಪಲ್ಯಕ್ಕೆ ಮಸಾಲೆ ಬದಲಿಸಿದೆ. ಚಟ್ನಿಯ ಖಾರ ಇಳಿಸಿದೆ. ಗಿರಾಕಿಗಳು ಸಪ್ಪೆಯಾಯಿತೆಂದು ಗೊಣಗಿದರು, ಕೂಸು ಮಜ್ಜಿಗೆಯನ್ನೇ ಕುಡಿಯಿತು.

ಅದೇ ಹೊತ್ತಿಗೆ ಹಿರೇಕೆರೂರಿನಲ್ಲಿ ಅವನ ಅಪ್ಪನ ಕಡೆಯವರ ಮನೆಯಲ್ಲಿ ಅವನದೇ ಓರಗೆಯ ಹುಡುಗಿಗೆ ಆರತಿಯಾಯಿತು. ತಂಗಿ ಹೋಗಿ ಉಡಿ ತುಂಬಿ ಬಂದಳು. ಬಂದವಳೇ ಅಳುತ್ತ ಫೋನು ಮಾಡಿದಳು.

"ಅಕ್ಕಾ, ನಮ್ಮಾಕಿಂದು ಇನ್ನೂ ಯಾಕ ಸುದ್ದಿ ಇಲ್ಲ? ಅಲ್ಲಿ ಎಲ್ಲಾರೂ ನನ್ನ ಕೇಳಾಕತ್ತಿದ್ರು."

"ಅದೇನು ಬಸ್ಸನು, ಟೈಮಿಗೆ ಬರಾಕ? ಬಂದಾಗ ಬರ್ತೈತಿ" ಎಂದೆ.

ಅವಳಿಗೆ ಸಮಾಧಾನವಾಗಲಿಲ್ಲ. ಸ್ಟೀಲಿನ ಡಬ್ಬಿ ತುಂಬ ಎಳ್ಳುಂಡಿ, ಅಂಟಿನ ಉಂಡಿ ಕಟ್ಟಿ ಬಸ್ಸಿನಲ್ಲಿ ಕಳಿಸತೊಡಗಿದಳು. ಹೀಗೆ ನನಗೆ ಗೊತ್ತಿಲ್ಲದಂತೆ ಒಂದೇ ಹೊಟ್ಟೆಗಾಗಿ ಎರಡು ಕಡೆಯವರು ಕಾದಾಡತೊಡಗಿದರು. ಅದು ಬೇಗ ಬರಲಿ ಎಂದು ತಾಯಿ ಉಂಡಿ ಕಟ್ಟುತ್ತಿದ್ದಳು, ಬರಲೇಬಾರದೆಂದು ಕೂಸು ಅನ್ನ ಬಿಡುತ್ತಿತ್ತು. ನಡುವೆ ನಾನು ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಖಾಲಿಯಾಗಿ ಬಂದಾಗ ಖುಷಿಪಟ್ಟು, ತೊಳೆದು ತಿರುಗಿ ಬಸ್ಸಿಗೆ ಹಾಕುತ್ತಿದ್ದೆ. ನಮ್ಮ ಓಣಿಯ ಕಂದು ನಾಯಿ ಆ ದಿನಗಳಲ್ಲಿ ಮಿರಿಮಿರಿ ಮಿಂಚತೊಡಗಿತು. ಖಾನಾವಳಿಯ ಎಂಜಲು ಇಷ್ಟು ಪುಷ್ಟಿಯೇ ಎಂದು ನಾನು ಹೆಮ್ಮೆಯಿಂದ ಯಜಮಾನರಿಗೆ ತೋರಿಸಿದೆ. ಅವರು ನಾಯಿಯನ್ನು ನೋಡಿದರು, ಕೂಸನ್ನು ನೋಡಿದರು, ತಿರುಗಿ ಗಲ್ಲಾಕ್ಕೆ ಹೋದರು.

ಆಮೇಲೆ ಅವನು ಶಾಲೆಯ ಗೇಟಿನ ಮುಂದೆ ಸೈಕಲ್ಲಿನಿಂದ ಬಿದ್ದ. ಜೋರಾಗಿ ಹೊರಟಿರಲಿಲ್ಲ, ನಿಲ್ಲಿಸಲು ಹೋಗಿ ವಾಲಿದ, ಅಷ್ಟೇ. ಮಣಿಕಟ್ಟು ಮುರಿಯಿತು. ಎಲುಬಿನ ಡಾಕ್ಟರ್ ಪ್ಲಾಸ್ಟರು ಹಾಕಿ, ರಕ್ತ ಪರೀಕ್ಷೆ ಮಾಡಿಸಿ, ಚೀಟಿ ನೋಡಿ, ಆಮೇಲೆ ನನ್ನನ್ನು ನೋಡಿದರು.

"ಮನಿಯಾಗ ಕೂಸಿಗೆ ಹೊಟ್ಟಿತುಂಬ ಊಟ ಸಿಗ್ತದೇನ್ರಿ?"

"ನಂದು ಖಾನಾವಳಿ ಐತ್ರಿ" ಎಂದೆ.

ಡಾಕ್ಟರ್ ಚೀಟಿಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಅವರು ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಆಸ್ಪತ್ರೆಯಿಂದ ಮನೆಯವರೆಗೆ ಅವನ ಇನ್ನೊಂದು ಕೈ ಹಿಡಿದು ನಡೆದೆ. ಆ ಕೈಯಲ್ಲಿ ಎಲುಬೇ ಸಿಗುತ್ತಿತ್ತು. ಇಷ್ಟು ದಿನ ನಾನು ಅವನ ತಾಟನ್ನು ನೋಡಿದ್ದೆನೇ ಹೊರತು ಅವನನ್ನು ನೋಡಿರಲಿಲ್ಲ ಎಂದು ಆಗ ಗೊತ್ತಾಯಿತು. ಮಧ್ಯಾಹ್ನದ ಗಿರಾಕಿಗಳು ಎದ್ದುಹೋದ ಮೇಲೆ ಬಾಗಿಲು ಮುಂದೆ ಮಾಡಿ ಎದುರಿಗೆ ಕೂರಿಸಿಕೊಂಡೆ.

"ನನ್ನ ಅಡಗಿ ನಿನಗ ಸೇರೂದಿಲ್ಲನು? ಖರೇ ಹೇಳು."

"ಸೇರ್ತೈತಿ ದೊಡ್ಡವ್ವ."

"ಮತ್ಯಾಕ ಉಣ್ಣೂದಿಲ್ಲ?"

"ಉಂಡ್ರ ದೊಡ್ಡಾಕಿ ಆಗ್ತೇನಿ. ಒಣಕಟಗಿ ಇದ್ರ ತಡಾ ಆಗ್ತೈತಂತ ಆಯಿ ಹೇಳಿದ್ಲು."

"ಎಷ್ಟ ದಿನ ಹಿಂಗ ತಡಿಯಾಂವ?"

"ಆದಷ್ಟು" ಎಂದ. ಪ್ಲಾಸ್ಟರಿನ ಅಂಚನ್ನು ಕೆರೆಯುತ್ತ ಹೇಳಿದ: "ಅದನ್ನ ತಡಿಯಾಕ ಇಂಜೆಕ್ಷನ್ ಐತಂತ. ಮೊಬೈಲಿನಾಗ ನೋಡೇನಿ. ಅದು ಸಿಗೂತನಾ ಹಿಂಗ ಇರೂದು ಅಂತ ಮಾಡಿದ್ದೆ."

ಅವನು ಅಳಲಿಲ್ಲ. ಪರೀಕ್ಷೆಗೆ ಹೇಗೆ ಓದುತ್ತೇನೆಂದು ವಿವರಿಸುವಂತೆ ಹೇಳಿದ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲವಾದ್ದರಿಂದ ಯಜಮಾನರ ಮೇಲೆ ಹರಿಹಾಯ್ದೆ. ಅವರು ಕೇಳಿಸಿಕೊಂಡರು. ಆಮೇಲೆ ನಾನು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಪಕ್ಕದಲ್ಲಿ ನಿಂತು ಅತ್ತುಬಿಟ್ಟೆ. ಊರ ಮಂದಿಗೆಲ್ಲ ಬಡಿಸುವ ನನ್ನ ಕಣ್ಣೆದುರಿಗೇ ಕೂಸು ಒಣಗುತ್ತಿತ್ತು. ಈ ಕೂಸು ಸತ್ತೇಹೋಗುತ್ತದೆ ಎಂಬ ಹೆದರಿಕೆ ಅಂದು ಹೊಕ್ಕಿತು.

ತಂಗಿ ಮತ್ತು ಅವಳ ಗಂಡ ಮರುದಿನ ಬಂದರು. ನಾನು ಎಲ್ಲ ಹೇಳಿದೆ. ತಂಗಿ ಮೊದಲು ನನ್ನನ್ನು ಬೈದಳು, ಆಮೇಲೆ ಮೊಬೈಲನ್ನು, ಆಮೇಲೆ ಸರಕಾರವನ್ನು.

"ಯಾವ ಇಂಜೆಕ್ಷನ್ನೂ ಬ್ಯಾಡ, ಏನೂ ಬ್ಯಾಡ. ನಾಕು ದಿನ ದೇವರಿಗೆ ನಡಕೊಂಡ್ರ ತಿಳಿ ಆಕ್ಕೈತಿ. ಮುಂದ ಒಂದು ಮದುವಿ ಮಾಡಿದ್ರ ಎಲ್ಲಾ ಸರಿ ಹೋಗ್ತೈತಿ."

"ನಿಂದು ಮದುವಿ ಆಗಿ ಏನ್ ಸರಿ ಹೋಗೇತಿ?" ಎಂದೆ. ಅವಳ ಗಂಡ ಎದುರಿಗೇ ಕುಳಿತಿದ್ದರು. ನಂತರ ನೆನಪಾಯಿತು.

ಅವರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಕೂಸಿನ ಪ್ಲಾಸ್ಟರಿನ ಮೇಲೆ ಕೈಯಿಟ್ಟುಕೊಂಡು, "ಡಾಕ್ಟರ್ನ ಕೇಳೂಣ್ರಿ ಅಕ್ಕಾರ. ಅವರು ಏನಂತಾರ ನೋಡೂಣು" ಎಂದರು. ಎಮ್ಮೆ ಮೇವು ಬಿಟ್ಟರೂ ಅವರು ಇದನ್ನೇ ಹೇಳುತ್ತಾರೆ. ಆ ದಿನ ನಮ್ಮ ಮನೆಯಲ್ಲಿ ಬುದ್ಧಿಯ ಮಾತು ಅಂತ ಬಂದದ್ದು ಅದೊಂದೇ. ಹಾಗಾಗಿ ನಾಲ್ವರೂ ಹುಬ್ಬಳ್ಳಿಗೆ ಹೊರಟೆವು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊದಲು ಮನಸ್ಸಿನ ಡಾಕ್ಟರ್ ಅವನೊಬ್ಬನನ್ನೇ ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ಅಲ್ಲಿಂದ ನಮ್ಮನ್ನು ಹಾರ್ಮೋನ್ ಡಾಕ್ಟರ ಕಡೆಗೆ ಕಳಿಸಿದರು. ಬಾಗಿಲ ಹೊರಗಿನ ಬೆಂಚಿನಲ್ಲಿ ಸವಣೂರಿನ ಹೆಂಗಸೊಬ್ಬಳು ಪುಟ್ಟ ಹುಡುಗಿಯೊಂದನ್ನು ತೊಡೆಗೆ ಒರಗಿಸಿಕೊಂಡು ಕುಳಿತಿದ್ದಳು. ಆಸ್ಪತ್ರೆಯ ಬೆಂಚಿನಲ್ಲಿ ಗುರುತಿಲ್ಲದವರು ಬೇಗ ಅಕ್ಕತಂಗಿಯರಾಗುತ್ತಾರೆ. ಅವಳೇ ಹೇಳಿದಳು: "ಎರಡನೆತ್ತಾ ಓದಾಕತ್ತಾಳ್ರಿ. ಇಷ್ಟ ಸಣ್ಣಾಕಿಗೆ ಆಗ್ಲೇ ಮೈ ತುಂಬಾಕತ್ತಿತ್ತು. ಈಗ್ಲೇ ಆದ್ರ ಮುಂದ ಎತ್ತರಾ ಬೆಳ್ಯೂದಿಲ್ಲಂತ. ಅದಕ್ಕ ತಡ್ಯಾಕ ಸೂಜಿ ಮಾಡಸ್ತೇವಿ."

"ಚಲೋ ಮಾಡೀರಿ. ಆಡೂ ಕೂಸಿಗೆ ಅದೆಲ್ಲಾ ಯಾಕ ಬೇಕ್ರಿ?" ಎಂದು ತಂಗಿ ಆ ಹುಡುಗಿಯ ತಲೆ ಸವರಿದಳು. ಕೈಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟಳು.

ಡಾಕ್ಟರು ಧಾರವಾಡದ ಕಡೆಯ ಹೆಣ್ಣುಮಗಳು. ನಮ್ಮ ಕೂಸಿನ ಕಾಗದಗಳನ್ನೆಲ್ಲ ನೋಡಿ ಮೊದಲು ಎಳ್ಳಿನ ವಿಷಯವನ್ನು ಮುಗಿಸಿದರು. ಎಳ್ಳು ಬೆಲ್ಲ ತಿಂದರೆ ಏನೂ ಬೇಗ ಬರುವುದಿಲ್ಲ. ಹೊಟ್ಟೆಗೆ ಕಡಿಮೆಯಾಗಿ ಮೈ ಒಣಗಿದರೆ ತಡವಾಗುವುದು ನಿಜ, ಆದರೆ ಅದರ ಜೊತೆಗೆ ರಕ್ತ, ಎಲುಬು, ಎತ್ತರ ಎಲ್ಲ ಹಿಂದೆ ಬೀಳುತ್ತವೆ. "ಎಳ್ಳು ಎಲುಬಿಗೆ ಭಾಳ ಚಲೋ" ಎಂದು ಅವನಿಗೇ ಹೇಳಿದರು. ಅವನು ಮುಖ ಕೆಳಗೆ ಹಾಕಿದ. ಆಮೇಲೆ ಡಾಕ್ಟರು ನಮ್ಮ ಕಡೆ ತಿರುಗಿದರು.

"ನೋಡ್ರಿ, ಈ ಔಷಧ ಹೊಸದೇನಲ್ಲ. ಹೊರಗ ಕುಂತದಲ್ಲ, ಆ ಸಣ್ಣ ಹುಡುಗಿಗೆ ಕೊಡೂದೂ ಇದನ್ನ. ಆದ್ರ ಅಕಿಗೆ ಸರಿಯಾದ ವಯಸ್ಸು ಬಂದ ಕೂಡ್ಲೇ ನಿಲ್ಲಸ್ತೀವಿ, ಮೈ ತನ್ನಷ್ಟಕ್ಕ ತಾನು ಬೆಳೀತದ. ನಿಮ್ಮ ಕೂಸಿಂದು ಹಂಗಲ್ಲ. ಎಲ್ಲಾರೂ ಬೆಳೆಯೂ ವಯಸ್ಸಿನಾಗ ತಡೀಬೇಕು. ಎಲುಬು ಗಟ್ಟಿ ಆಗೂದೂ ಇದೇ ವಯಸ್ಸಿನಾಗ. ಔಷಧ ಕೊಟ್ಟಷ್ಟು ದಿನ ಅದು ಹಿಂದ ಬೀಳ್ತದ. ನಿಲ್ಲಿಸಿದ ಮ್ಯಾಲೆ ಪೂರ್ತಿ ಭರ್ತಿ ಆಗ್ತದೋ ಇಲ್ಲೋ, ಮುಂದ ಮಕ್ಕಳಾಗೂದರ ಮ್ಯಾಲೆ ಏನು ಪರಿಣಾಮ, ಇದನ್ನೆಲ್ಲಾ ಖಾತ್ರಿಯಾಗಿ ಹೇಳೂವಷ್ಟು ನಮಗ ಇನ್ನೂ ಗೊತ್ತಿಲ್ಲ. ಹಂಗಂತ ಕೊಡದ ಇದ್ರ ಏನೂ ಆಗೂದಿಲ್ಲ ಅಂತಲ್ಲ. ಅಂಜಿಕಿಯಿಂದ ಕೂಸು ಏನು ಮಾಡಿಕೊಂಡದ ನೀವ ನೋಡಾಕತ್ತೀರಿ. ಇದರ ಬಗ್ಗೆ ಡಾಕ್ಟರುಗಳ ನಡುವೇ ಜಗಳ ಅದ. ಕೆಲವು ದೇಶದಾಗ ಬ್ಯಾಡಂದಾರ, ಕೆಲವು ಕಡೆ ಕೊಡ್ತಾರ."

"ನೀವು ಕೊಡ್ತೀರೋ ಇಲ್ಲೋ, ಅದಷ್ಟು ಹೇಳ್ರಿ" ಎಂದಳು ತಂಗಿ.

"ಈಗಂತೂ ಇಲ್ಲ. ಇಷ್ಟ ತೂಕದಾಗ, ಇಂಥಾ ಎಲುಬಿನ ಮ್ಯಾಲೆ ನಾ ಅದನ್ನ ಮುಟ್ಟೂದಿಲ್ಲ. ಮೊದಲ ಇವ ಹೊಟ್ಟಿತುಂಬ ಉಣ್ಣಲಿ. ಮನಸ್ಸಿನ ಡಾಕ್ಟರ ಕಡೆ ತಪ್ಪದ ಬರ್ಲಿ. ಆಮ್ಯಾಲೆ ನೀವು, ನಾವು, ಇವ, ಎಲ್ಲಾರೂ ಕೂಡಿ ವಿಚಾರ ಮಾಡೂಣು."

ಕೂಸು ಮೊದಲ ಸಲ ಬಾಯಿ ಬಿಟ್ಟಿತು. "ಉಂಡ್ರ ಅದು ಬರ್ತೈತಲ್ರಿ?"

"ಬರಬಹುದು."

"ಬಂದ ಮ್ಯಾಲೆ ಇಂಜೆಕ್ಷನ್ ಕೊಟ್ಟು ಏನ್ ಮಾಡೂದ್ರಿ?"

"ಬಂದ ಮ್ಯಾಲೂ ತಡೀಬಹುದು. ಆದ್ರ ಆಗಿದ್ದು ಆಗಿರ್ತದ, ಅದು ಹಿಂದಕ್ಕ ಹೋಗೂದಿಲ್ಲ" ಎಂದರು ಡಾಕ್ಟರು. ಅವರು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಅಂದು ನಮ್ಮೆಲ್ಲರಿಗೂ ಬಸ್ಸಿನಲ್ಲಿ ನಿದ್ದೆ ಬರುತ್ತಿತ್ತು.

ನಾವು ಹೊತ್ತುಕೊಂಡು ಬಂದ ಸಂಕಟ ಇಷ್ಟು: ಇಂಜೆಕ್ಷನ್ ಬೇಕೆಂದರೆ ಅವನು ಉಣ್ಣಬೇಕು, ಉಂಡರೆ 'ಅದು' ಇಂಜೆಕ್ಷನ್ನಿಗಿಂತ ಮೊದಲೇ ಬರಬಹುದು. ಉಣ್ಣದಿದ್ದರೆ ಯಾವುದೂ ಇಲ್ಲ, ಅವನೂ ಇರುವುದಿಲ್ಲ. ದಾರಿಯಲ್ಲಿ ತಂಗಿ ಕಿಟಕಿಯ ಹೊರಗೆ ನೋಡುತ್ತ, "ಆ ಸವಣೂರ ಕೂಸಿಗೆ ಕೊಡೂದೂ ಅದ ಸೂಜಿ ಏನ?" ಎಂದಳು. ಹೂಂ ಎಂದೆ. ಶಿಗ್ಗಾಂವಿ ಬಂದಾಗ ಅವಳು ಚೀಲದಲ್ಲಿ ಉಳಿದ ಬಾಳೆಹಣ್ಣನ್ನು ಕೂಸಿನ ತೊಡೆಯ ಮೇಲಿಟ್ಟು ಗಂಡನ ಜೊತೆ ಇಳಿದಳು.

ಇದೆಲ್ಲ ಆಗಿ ವಾರ ಕಳೆದಿರಬೇಕು. ನಮ್ಮಲ್ಲಿ ದಿನಾ ಊಟಕ್ಕೆ ಬರುವ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಉಣ್ಣುವಾಗ ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿಕೊಂಡು ಜಗತ್ತಿನ ಸುದ್ದಿ ನೋಡುತ್ತಾರೆ. ಅಂದು ನೋಡುತ್ತಿದ್ದದ್ದು ಇದೇ ವಿಷಯ. ಎದುರಿಗೆ ಬೀಜ ಗೊಬ್ಬರದ ಅಂಗಡಿಯವರು ಕುಳಿತಿದ್ದರು.

"ಫಾರಿನ್ನಾಗ ಇದನ್ನ ಬಂದ್ ಮಾಡ್ಯಾರಂತ ನೋಡ್ರಿ. ಹುಡುಗೂರ ಬೆಳವಣಿಗಿ ತಡಿಯೂದಂದ್ರೇನು, ಏನ್ ಕಾಲ ಬಂತು" ಎಂದರು ಮಾಸ್ತರು.

"ಅದರಾಗೇನೈತ್ರಿ ಸರ? ಹತ್ತಿ ಭಾಳ ಎತ್ತರಾ ಹೊಂಟ್ರ ನಾವೂ ಬೆಳವಣಿಗಿ ನಿಲ್ಲಸಾಕ ಔಷಧ ಹೊಡಸ್ತೇವಲ್ಲ. ಗಿಡಾ ಏನ್ ಸಾಯ್ತೈತನು?"

"ಹೊಡದ ಮ್ಯಾಲೆ ಆ ಗಿಡಾ ಮತ್ತ ಮೊದಲಿನಂಗ ಬೆಳೀತೈತೇನು, ಅದನ್ನ ಹೇಳ್ರಿ."

"ಬೆಳೀತೈತಿ, ಹೊಡತ ಸ್ವಲ್ಪ ಹೆಚ್ಚಾದ್ರ ಇಲ್ಲ."

"ಮತ್ತ! ಹೆಚ್ಚು ಕಡಿಮಿ ನೋಡಾಕ ಹುಡುಗೂರೇನು ಹತ್ತಿ ಹೊಲಾನು?"

"ಹಂಗಂತ ಕೀಡಿ ಹತ್ತಿದ ಗಿಡಾನ ನೋಡಕೋತ ಕುಂದರಾಕ ಆಗ್ತೈತೇನ್ರಿ?"

ಇಬ್ಬರೂ ಕೈ ಒಣಗಿಸಿಕೊಂಡು ವಾದಕ್ಕೆ ಕುಳಿತರು. ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚಿನದೇನನ್ನೂ ಇವರು ಹೇಳುತ್ತಿರಲಿಲ್ಲ, ದನಿ ಮಾತ್ರ ದೊಡ್ಡದಿತ್ತು. ಅವರಿಗೆ ಅನ್ನ ಬಡಿಸಲು ಹೋದವಳು ಬೋಗುಣಿ ಹಿಡಿದುಕೊಂಡೇ ಕೇಳಿದೆ: "ಅಂಥಾ ಕೂಸು ಒಂದರ ಮುಂದ ಎಂದರ ಕುಂತೀರೇನ್ರಿ ಇಬ್ರೂ?"

"ಅಂಥಾವು ನಮ್ಮ ಕಡೆ ಎಲ್ಲಿ ಇರ್ತಾವ್ರಿ ಅಕ್ಕಾರ?" ಎಂದು ಮಾಸ್ತರು ನಕ್ಕರು. ಅವರ ಹಿಂದಿನ ಟೇಬಲಿನಲ್ಲಿ ಕೂಸು ಪ್ಲಾಸ್ಟರು ಹಾಕಿದ ಕೈಯನ್ನು ಪುಸ್ತಕದ ಮೇಲಿಟ್ಟುಕೊಂಡು ಭೂಗೋಳ ಓದುತ್ತಿತ್ತು. ಅವರಿಬ್ಬರ ವಾದ ಮುಗಿಯುವವರೆಗೆ ಅನ್ನ ಬರುವುದಿಲ್ಲವೆಂದು ಹೇಳಿ ಬೋಗುಣಿಯನ್ನು ಒಳಗೆ ಒಯ್ದೆ. ವಾದ ಆ ಕ್ಷಣವೇ ಮುಗಿಯಿತು.

ಎಲ್ಲರೂ ಹೋದ ಮೇಲೆ ಕೂಸು ಒಳಗೆ ಬಂತು.

"ಅವರಿಬ್ರೂ ಹೇಳಿದ್ದು ಖರೇ ಐತಿ ಅಲ್ಲ ದೊಡ್ಡವ್ವ?"

"ನನಗ ಗೊತ್ತಿಲ್ಲ. ಡಾಕ್ಟರ್ಗೇ ಪೂರಾ ಗೊತ್ತಿಲ್ಲಂದ್ರ ನನಗೇನ ಗೊತ್ತಿರ್ತೈತಿ? ನೀ ಉಣ್ಣಲಿಲ್ಲಂದ್ರ ಸಾಯ್ತಿ, ಇದೊಂದು ನನಗ ಗೊತ್ತೈತಿ."

"ಉಂಡ್ರ ಬರ್ತೈತಿ."

ಬರುವುದಿಲ್ಲ ಎಂದು ಹೇಳಬಹುದಿತ್ತು. ಗಿರಾಕಿಗಳಿಗೆ ನಿನ್ನೆಯ ಪಲ್ಯವನ್ನು ಇಂದಿನದು ಎಂದು ಹೇಳಿದವಳು ನಾನು. ಅವನ ಮುಖ ನೋಡಿ ಬಾಯಿ ಬರಲಿಲ್ಲ. "ಬರ್ತೈತಿ" ಎಂದೆ. "ಬಂದ್ರ ಆರತಿ ಮಾಡಾಕ ನಾ ಬಿಡೂದಿಲ್ಲ. ಯಾರರ ಸೀರಿ ಹಿಡಕೊಂಡು ಈ ಬಾಗಿಲಾ ದಾಟಿದ್ರ ಅವರ ಕಾಲು ಮುರೀತೇನಿ."

ಅವನು ತಾಟು ತೆಗೆದುಕೊಂಡು ಒಲೆಯ ಮುಂದೆ ಕುಳಿತ. ಅಂದು ಒಂದು ರೊಟ್ಟಿ ಪೂರ್ತಿ ಉಂಡ. ಉಣ್ಣುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ನಾನು ಖಾರ ಹೆಚ್ಚಾಯಿತೇನೋ ಎಂದು ಕೇಳಲು ಹೋಗಲಿಲ್ಲ. ದಿನ ಕಳೆದಂತೆ ಒಂದು ಎರಡಾಯಿತು. ಹಾಲು ತಿರುಗಿ ಬಂತು. ಪ್ಲಾಸ್ಟರು ಬಿಚ್ಚಿದರು. ನಾಯಿ ಮತ್ತೆ ಮೊದಲಿನ ಹಾಗೆ ಬಡಕಲಾಯಿತು. ಹುಬ್ಬಳ್ಳಿಯಲ್ಲಿ ತೂಕ ನೋಡಿದವರು ಶಹಭಾಸ್ ಎಂದರು, ಇಂಜೆಕ್ಷನ್ ಮಾತಿಗೆ ಇನ್ನೊಂದಿಷ್ಟು ದಿನ ಹೋಗಲಿ ಎಂದರು. ಅವನ ಅಪ್ಪ ಕೊಡಿಸೋಣ ಎನ್ನುವ ಕಡೆ ವಾಲಿದ್ದರು. ತಂಗಿಯೊಳಗೆ ಎಲುಬಿನ ಮಾತು ಮುಳ್ಳಿನಂತೆ ಕೂತಿತ್ತು, ಬೇಡವೇ ಬೇಡ ಎನ್ನುತ್ತಿದ್ದಳು. ಇಬ್ಬರೂ ಕೂಸಿನ ಒಳ್ಳೆಯದನ್ನೇ ಹೇಳುತ್ತಿದ್ದರು. ಅದಕ್ಕೇ ಆ ಜಗಳ ಮುಗಿಯುವ ಲಕ್ಷಣವಿರಲಿಲ್ಲ.

ಮುಂಗಾರಿನ ಬಿತ್ತನೆಯ ಹೊತ್ತಿಗೆ ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ. ಶಾಲೆಯ ಅಂಗಿ ಹಾಕಿಕೊಂಡಿದ್ದ.

"ಬಂತು ದೊಡ್ಡವ್ವ" ಎಂದ.

ಹಂಚಿನ ಮೇಲಿನ ರೊಟ್ಟಿ ಸುಟ್ಟುಹೋಯಿತು. ಬೇಕಾದದ್ದನ್ನು ಕೊಟ್ಟೆ, ಹೇಗೆಂದು ಹೇಳಿದೆ. ಅವನು ಕೇಳಿಸಿಕೊಂಡು ಒಳಗಿನ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅಂದು ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಯಜಮಾನರು ಗಲ್ಲಾ ಬಿಟ್ಟು ಬಂದು ಅವನ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಉಣ್ಣು ಉಣ್ಣು ಎಂದು ಒತ್ತಾಯಿಸಿ ಇದನ್ನು ಕರೆತಂದವಳು ನಾನೇ, ಇನ್ನು ಯಾವ ಬಾಯಿಂದ ಉಣ್ಣು ಎನ್ನಲಿ? ಹುಬ್ಬಳ್ಳಿಗೆ ಫೋನು ಮಾಡಿದೆ, ಕೂಡಲೇ ಕರೆದುಕೊಂಡು ಬನ್ನಿ ಎಂದರು. ಆಮೇಲೆ ತಂಗಿಗೆ ಮಾಡಿದೆ.

ಮಧ್ಯಾಹ್ನದ ಗದ್ದಲ ಇಳಿಯುವ ಹೊತ್ತಿಗೆ ಅವಳು ಬಂದಳು. ಅವಳ ಹಿಂದೆ ಸೀರೆ ಹಿಡಿದು ತಮ್ಮನೂ ಬರುತ್ತಾನೇನೋ ಎಂದು ನಾನು ಬಾಗಿಲಿಗೆ ಅಡ್ಡವಾಗಿ ನಿಂತಿದ್ದೆ. ಒಬ್ಬಳೇ ಬಂದಿದ್ದಳು, ಕೈಯಲ್ಲಿ ಒಂದು ಚೀಲವೂ ಇರಲಿಲ್ಲ. ನನ್ನನ್ನು ಸರಿಸಿ ಒಳಗೆ ಹೋಗಿ ಅವನನ್ನು ಎಬ್ಬಿಸಿ, ಮುಖ ತೊಳೆಸಿ, ಹೊರಗೆ ಕರೆತಂದು ಖಾನಾವಳಿಯ ಟೇಬಲಿನ ಮುಂದೆ ಕೂರಿಸಿದಳು. ತಾನು ಎದುರಿಗೆ ಕುಳಿತಳು.

"ಅಕ್ಕಾ, ನನಗ ಊಟಕ್ಕ ನೀಡು" ಎಂದಳು.

ನೀಡಿದೆ. ಅವಳು ರೊಟ್ಟಿ ಮುರಿದಳು, ಬಾಯಿಗೆ ಹಾಕಲಿಲ್ಲ.

"ಬಸ್ಸಿನಾಗ ನಮ್ಮೂರ ಹೆಣ್ಮಕ್ಕಳು ಸಿಕ್ಕಿದ್ರು. ಇಷ್ಟ ಅವಸರ್ಲೇ ಎಲ್ಲಿ ಹೊಂಟಿ, ಮಗಳು ದೊಡ್ಡಾಕಿ ಆದ್ಲೇನು ಅಂತ ಕೇಳಿದ್ರು."

"ಏನಂದಿ?" ಎಂದೆ.

"ಇನ್ನೂ ಆಗಿಲ್ಲಂದೆ."

ಕೂಸು ತಲೆ ಎತ್ತಿತು.

"ನಾ ಹೇಳೂತನಾ ಊರಿನವರ ಪಾಲಿಗೆ ಆಗಿಲ್ಲ. ನಾ ಹೇಳೂದಿಲ್ಲ" ಎಂದಳು ತಂಗಿ. "ಸೂಜೀದು ಏನ್ ಮಾಡೂದು ನನಗ ತಿಳಿವಲ್ದು. ನಾಳೆ ಹೋಗಿ ಡಾಕ್ಟರ್ನ ಮತ್ತ ಕೇಳೂಣು. ಇದೊಂದು ನನ್ನ ಕೈಯಾಗ ಐತಿ, ಇದನ್ನ ನಾ ಮಾಡ್ತೇನಿ."

ಅವಳು ಏನು ಹೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಹಿರೇಬೆಂಡಿಗೇರಿಯಲ್ಲಿ ಮೈನೆರೆಯದ ಮಗಳ ತಾಯಿಗೆ ಬಾವಿಕಟ್ಟೆಯಲ್ಲೂ ಮದುವೆಮನೆಯಲ್ಲೂ ಬಿಡುಗಡೆಯಿಲ್ಲ. ಕನಿಕರ ತೋರುವವರು, ಬೇರು ಕಷಾಯ ಹೇಳುವವರು, ಹಿಂದಿನಿಂದ ಬಂಜೆ ಎಂದು ಪಿಸುಗುಟ್ಟುವವರು ಎಲ್ಲರೂ ಬರುತ್ತಾರೆ. ಅಂದು ಹಿರೇಕೆರೂರಿನಲ್ಲಿ ಯಾರೋ ಒಂದು ಮಾತು ಕೇಳಿದ್ದಕ್ಕೇ ಫೋನಿನಲ್ಲಿ ಅತ್ತವಳು ಇವಳು. ಸಾರು ತರುವ ನೆಪದಿಂದ ಒಳಗೆ ಹೋಗಬೇಕೆಂದುಕೊಂಡವಳು ಟೇಬಲಿನ ಪಕ್ಕದಲ್ಲೇ ನಿಂತೆ.

"ಎಷ್ಟ ದಿನಾ ಹಂಗ ಹೇಳ್ತಿ ಅವ್ವ?" ಎಂದು ಅವನು ಕೇಳಿದ.

ತಂಗಿ ಮುರಿದ ರೊಟ್ಟಿಯ ತುಂಡಿನಲ್ಲಿ ಪಲ್ಯ ಹಿಡಿದು ಅವನ ಬಾಯಿಯ ಹತ್ತಿರ ಒಯ್ದಳು.

"ನಿನಗ ಮೀಸಿ ಬರೂತನ" ಎಂದಳು.

ಅವನು ಬಾಯಿ ತೆರೆದ.